ವಾಗೀಶ್ ಸರ್ ಸೇರಿಸಿದ ಪ್ಯಾರಾ

ಕರಡಚ್ಚು ತಿದ್ದುವಾಗ ನೂರಾ ಹನ್ನೆರಡನೇ ಪುಟದಲ್ಲಿ ನಾನು ಬರೆಯದ ಒಂದು ಪ್ಯಾರಾ ಕಂಡಿತು.

"ಇದು ಯಾರದ್ದು ಸರ್?" ಕೃಷ್ಣಮೂರ್ತಿಪುರಂನ ತಮ್ಮ ಪ್ರಕಾಶನದ ಕೋಣೆಯಲ್ಲಿ ಕೂತಿದ್ದ ಲಕ್ಷ್ಮೀನರಸಿಂಹ ಅವರನ್ನು ಕೇಳಿದೆ.

"ವಾಗೀಶ್ ಸರ್ ಸೇರಿಸಿದ್ದು ಕಣಮ್ಮ. ಮುನ್ನುಡಿಗೆ ಅಂತ ಓದ್ತಾ ಓದ್ತಾ ಹಾಗೇ ಸರಿ ಮಾಡಿಕೊಟ್ಟಿದ್ದಾರೆ. ಎಷ್ಟು ಜನಕ್ಕೆ ಸಿಗುತ್ತೆ ಈ ಭಾಗ್ಯ?"

ಅದು ನನ್ನ ಮೊದಲ ಸಂಕಲನದ ಕೊನೆಯ ಕಥೆ. ಹನ್ನೊಂದು ವರ್ಷ ಬಿಟ್ಟು ಮನೆಗೆ ಬಂದ ಗಂಡ ತಟ್ಟೆಯ ಮುಂದೆ ಕೂರುತ್ತಾನೆ. ಹೆಂಡತಿ ಏನೂ ಕೇಳುವುದಿಲ್ಲ. 'ಅವಳು ಇನ್ನೊಂದು ಮುದ್ದೆ ಹಾಕಿದಳು.' ಅಲ್ಲಿಗೆ ಕಥೆ ಮುಗಿಯುತ್ತದೆ. ಕುಂಬಾರಕೊಪ್ಪಲಿನ ನಮ್ಮ ದೊಡ್ಡಮ್ಮ ಪುಟ್ಟಲಿಂಗಮ್ಮ ತನ್ನ ಬದುಕಿನ ಈ ಸಂಗತಿಯನ್ನು ನನಗೆ ಒಂದೇ ಸಲ ಹೇಳಿದ್ದು. ಅವಳೂ ಅಲ್ಲಿಗೇ ನಿಲ್ಲಿಸಿದ್ದಳು. ಮುಂದೇನಾಯಿತು ಎಂದು ನಾನು ಕೇಳಿರಲಿಲ್ಲ. ಕೇಳದೇ ಉಳಿದದ್ದನ್ನು ಕೇಳದಂತೆಯೇ ಬರೆಯಲು ನನಗೆ ಎರಡು ವರ್ಷ ಹಿಡಿದಿತ್ತು.

ಈಗ ಅದರ ಕೆಳಗೆ ಏಳು ಸಾಲು. 'ಅವಳ ಮೌನ ಕ್ಷಮೆಯ ಕಡಲಾಗಿತ್ತು. ಹೆಣ್ಣೆಂದರೆ ಭೂಮಿಯಲ್ಲವೇ...'

"ತೆಗೆಸಿ ಸರ್."

"ಭಾನುವಾರ ಬಿಡುಗಡೆ. ಮಂಗಳವಾರ ಪ್ರಶಸ್ತಿಗೆ ಪುಸ್ತಕ ಕಳಿಸೋಕೆ ಕೊನೇ ದಿನ. ಆಯ್ಕೆ ಸಮಿತೀಲಿ ವಾಗೀಶ್ ಸರ್ ಇದ್ದಾರೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ವಾಗೀಶ್ ಸರ್‌ಗೆ ಫೋನ್ ಮಾಡಿದೆ. ಎಂ.ಎ.ಯಲ್ಲಿ ನನಗೆ ಪಾಠ ಮಾಡಿದವರು. "ಓದುಗ ಕತ್ತಲಲ್ಲಿ ನಿಂತಿರ್ತಾನೆ ಧರಣಿ, ದೀಪ ಹಿಡೀಬೇಕು. ಬರವಣಿಗೆಯ ಮೊದಲ ಪಾಠ ಇದು" ಎಂದರು. ಆಮೇಲೆ ಎರಡನೆಯ ಪಾಠ, ಮೂರನೆಯ ಪಾಠ. ನಲವತ್ತು ನಿಮಿಷ. ನಾನು "ಸರ್, ಆದರೆ" ಎನ್ನುವಷ್ಟರಲ್ಲಿ ಅವರ ಮನೆಗೆ ಯಾರೋ ಬಂದರು.

ಭಾನುವಾರವಾದರೂ ಪುಸ್ತಕ ಅಚ್ಚಿಗೇ ಹೋಗಿರಲಿಲ್ಲ. ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಸರದಿಯಂತೆ. ಇಂಥ ಹೊತ್ತಿಗೆ ಪ್ರಕಾಶಕರ ಬಳಿ ಒಂದು ಉಪಾಯ ಇರುತ್ತದೆ. ಮಾರಾಟವಾಗದೆ ಉಳಿದ ಮನೆಮದ್ದಿನ ಪುಸ್ತಕಗಳಿಗೆ ನನ್ನ ಮುಖಪುಟ ಹೊದಿಸಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದ್ದರು. ವೇದಿಕೆಯ ಮೇಲಿದ್ದ ಐವರಿಗೂ ಇದು ಗೊತ್ತು. ಐವರೂ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ಕ್ಯಾಮೆರಾ ನೋಡಿ ನಕ್ಕರು. ನಾನೂ ನಕ್ಕೆ.

ವಾಗೀಶ್ ಸರ್ ಎದ್ದರು. "ಈ ಸಂಕಲನದ ಅತ್ಯುತ್ತಮ ಸಾಲುಗಳನ್ನು ಓದುತ್ತೇನೆ" ಎಂದು ಜೇಬಿನಿಂದ ಹಾಳೆ ತೆಗೆದು ಓದಿದ್ದು ಅದೇ ಏಳು ಸಾಲು. ತಾವೇ ಬರೆದದ್ದನ್ನು ಓದುತ್ತಾ ಕನ್ನಡಕ ತೆಗೆದು ನಿಜಕ್ಕೂ ಕಣ್ಣೊರೆಸಿಕೊಂಡರು. ಜೋರು ಚಪ್ಪಾಳೆ.

ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಕೂತಿದ್ದಳು. ಅವಳಿಗೆ ಓದು ಬರದು. ಕಥೆಯನ್ನು ನಾನೇ ಓದಿ ಹೇಳಿದ್ದೆ, ಮುದ್ದೆಯ ತನಕ. ಚಪ್ಪಾಳೆ ನಿಲ್ಲುವ ಮೊದಲೇ ವೇದಿಕೆಯ ಅಂಚಿಗೆ ಬಂದು ನನ್ನ ಸೆರಗು ಜಗ್ಗಿದಳು.

"ನಾ ಯಾವತ್ತವ್ವಾ ಕ್ಷಮಿಸಿದ್ದು? ಹಸ್ಕಂಡ್ ಬಂದಿದ್ದ, ಇಕ್ಕಿದೆ. ಇವರ್ಗೆ ಅಂಗಂತ ಯಾರೇಳಿದ್ರು? ನೀನಾ?"

"ನಾನಲ್ಲ ದೊಡ್ಡಮ್ಮ."

"ಮತ್ತೆ ಸುಮ್ನೆ ಕೂತಿದ್ದೀಯಲ್ಲ!"

ನನ್ನ ಸರದಿ ಬಂತು. ಚೀಲದಲ್ಲಿದ್ದ ಕರಡಚ್ಚು ತೆಗೆದು, ಏನೂ ಪೀಠಿಕೆಯಿಲ್ಲದೆ ಕಥೆಯ ಕೊನೆಯ ಪುಟ ಓದಿದೆ. 'ಅವಳು ಇನ್ನೊಂದು ಮುದ್ದೆ ಹಾಕಿದಳು.' ನಿಲ್ಲಿಸಿದೆ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ. ಎರಡು ವರ್ಷ ನಾನು ಕಾದಿದ್ದು ಇಷ್ಟಕ್ಕೇ.

ಮೈಕಿನವನು ಓಡಿಬಂದು ಮೈಕ್ ತಟ್ಟಿದ. "ಹಲೋ, ಹಲೋ, ಚೆಕ್."

"ಪಾಪ, ಭಾವುಕಳಾಗಿದ್ದಾಳೆ" ಎಂದು ವಾಗೀಶ್ ಸರ್ ಕೂತಲ್ಲಿಂದಲೇ ಸಭೆಗೆ ವಿವರಿಸಿದರು.

"ಇಲ್ಲ ಸರ್. ಕಥೆ ಮುಗೀತು. ನೀವು ಓದಿದ ಸಾಲುಗಳು ನನ್ನವಲ್ಲ. ಅವು ಪುಸ್ತಕದಲ್ಲಿ ಇರೋದಿಲ್ಲ."

ಈ ಸಲ ಯಾರೂ ಮೈಕ್ ತಟ್ಟಲಿಲ್ಲ.

ಸಭೆ ಮುಗಿದ ಮೇಲೆ ವಾಗೀಶ್ ಸರ್ ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆ ಕೆಳಗಿಟ್ಟರು. "ಹಾಗಾದ್ರೆ ನನ್ನ ಮುನ್ನುಡಿನೂ ಇರೋದಿಲ್ಲ."

"ಆಗಲಿ ಸರ್."

ಅವರು ಹೋದ ಮೇಲೆ ಲಕ್ಷ್ಮೀನರಸಿಂಹ ಹಣೆ ಚಚ್ಚಿಕೊಂಡರು. "ಆಯ್ತು, ಪ್ರಶಸ್ತಿ ಕತೆ ಮುಗೀತು. ಮೂರು ಹೊತ್ತೂ ಬಾಯಿ ಹೊಲ್ಕೊಂಡಿರೋರು ಮೈಕ್ ಮುಂದೇನೇ ಬಿಚ್ಚಬೇಕಿತ್ತೇನ್ರೀ? ನಯನಂಗೆ ನೀವೇ ಹೇಳಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ."

ನಯನಾ ನಮ್ಮ ಪುಟ ವಿನ್ಯಾಸ ಮಾಡುವವಳು. ಅಲ್ಲೇ ನಿಂತು ಫೋನ್ ಮಾಡಿದೆ.

"ಕೊನೇ ಪ್ಯಾರಾ ತೆಗೀರಿ ನಯನಾ. ಮುನ್ನುಡಿನೂ."

"ಅಯ್ಯೋ ಮೇಡಂ, ಅರ್ಧ ಪುಟ ಖಾಲಿ ಉಳಿಯುತ್ತೆ. ಚೆನ್ನಾಗ್ ಕಾಣಲ್ಲ. ಒಂದು ಹೂವಿನ ಚಿತ್ರ ಹಾಕ್ಲಾ?"

"ಬೇಡ."

"ನವಿಲಿಂದೂ ಇದೆ."

"ಬೇಡ."

"ಹಂಗಾದ್ರೆ ನೀವೇ ಒಂದೆರಡು ಸಾಲು ಏನಾದ್ರೂ..."

"ಏನೂ ಬೇಡ ಅಂದ್ನಲ್ಲ!" ಎಂದು ಕಿರುಚಿಬಿಟ್ಟೆ. ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.