ಮೂರನೆಯ ಪೆಡಲು

ನಾನು ಒಂದು ಗೇರ್‌ಬಾಕ್ಸ್. ಕಾರಿನ ಮೂತಿಯೊಳಗೆ, ಎಂಜಿನ್ನಿಗೆ ಅಂಟಿಕೊಂಡು, ನೆಲದಿಂದ ಒಂದು ಗೇಣು ಮೇಲೆ ತೂಗುವ ಅಲ್ಯೂಮಿನಿಯಂ ಗಡಿಗೆ ಎಂದರೂ ನಡೆದೀತು. ಅದರಲ್ಲೂ ನಾನು ಆಟೋಮ್ಯಾಟಿಕ್. ನಾನಿರುವ ಗಾಡಿಯಲ್ಲಿ ಗೇರು ಬದಲಿಸುವ ಕೆಲಸವಿಲ್ಲ, ಎಡಗಾಲಿನಿಂದ ಕ್ಲಚ್ ಒತ್ತುವ ಕೆಲಸವಿಲ್ಲ. ಎರಡೇ ಪೆಡಲು, ಅವೆರಡೂ ಬಲಗಾಲಿಗೆ. ಉಳಿದದ್ದೆಲ್ಲ ನನ್ನ ಹೊಣೆ.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಹಲ್ಲುಚಕ್ರ, ತಟ್ಟೆ, ಸ್ಪ್ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿ, ಮುಚ್ಚಳ ಹಾಕಿ, ಸುತ್ತಲೂ ಬೋಲ್ಟು ಬಿಗಿದರು. ಕೊನೆಯ ಬೋಲ್ಟು ತಿರುಗಿ ನಿಂತಾಗ ಒಳಗೆ ಕತ್ತಲಾಯಿತು. ಆ ಕತ್ತಲು ಇವತ್ತಿಗೂ ಹರಿದಿಲ್ಲ. ನನ್ನ ಪಾಲಿಗೆ ಜಗತ್ತು ಎಂದರೆ ತಗಡಿನಾಚೆ ಕೇಳುವ ಮಾತು, ಮೇಲೆ ಕೂತವರ ಭಾರ, ಕೆಳಗೆ ಓಡುವ ರಸ್ತೆ.

ಮೊದಲು ಪುಣೆಯ ಹಲ್ಲಿನ ಡಾಕ್ಟರೊಬ್ಬರ ಕಾರಿನಲ್ಲಿದ್ದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಾಲ್ಕು ವರ್ಷ. ಅವರು ದೊಡ್ಡ ಗಾಡಿ ಕೊಂಡಾಗ ನಾನು ಕಾರಿನ ಸಮೇತ ಧಾರವಾಡಕ್ಕೆ ಬಂದೆ, ಅನುಸೂಯಾ ಕಲ್ಲೂರ ಎಂಬ ಶಿಕ್ಷಕಿಯ ಮನೆಗೆ. ಊರಿಗೆಲ್ಲ ಅವರು ಅಕ್ಕೋರು. ಅವರ ಶಾಲೆ ಇದ್ದದ್ದು ಇಪ್ಪತ್ತು ಕಿಲೋಮೀಟರಾಚೆಯ ಮರಡಿಹಾಳದಲ್ಲಿ.

ಅಕ್ಕೋರ ಎಡಗಾಲು ಮೂರನೇ ವಯಸ್ಸಿಗೇ ಪೋಲಿಯೋದಿಂದ ಸೋತಿತ್ತು. ಎಡಗೈಯನ್ನು ಮೊಣಕಾಲಿಗೆ ಊರಿ, ಒಂದೊಂದೇ ಹೆಜ್ಜೆ ಹಾಕಬೇಕು. ಮೊದಲೆಲ್ಲ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರಂತೆ. ಮೆಟ್ಟಿಲು ಹತ್ತುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಿದ್ದನಂತೆ. ನಾನು ಬಂದ ಮೇಲೆ ಅದು ಮುಗಿಯಿತು. ಮುಂಜಾನೆ ಏಳೂವರೆಗೆ ಡಬ್ಬಿ ಹಿಂದಿನ ಸೀಟಿಗೆ ಎಸೆದು ಹೊರಟರೆಂದರೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಮಗಳಿಗೆ ನೀರಿನ ಬಾಟಲಿ ಕೊಟ್ಟೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದರು. ನಾನು ಕೇಳಿಕೊಂಡು ಗೇರು ಬದಲಿಸುತ್ತಿದ್ದೆ. ಇಡೀ ದಿನದಲ್ಲಿ ಯಾರ ಹಂಗೂ ಇಲ್ಲದೆ ಅವರು ಚಲಿಸುತ್ತಿದ್ದುದು ಆ ನಲವತ್ತು ಕಿಲೋಮೀಟರು ಮಾತ್ರ.

ಹೀಗೆ ಆರು ವರ್ಷ. ಗ್ಯಾರೇಜಿನ ದಾವಲಸಾಬ ಮಿಸ್ತ್ರಿಯೂ ಕಾರಿನ ಕಿಟಕಿಗೇ ಬಂದು ಮಾತಾಡಿ ಹೋಗುತ್ತಿದ್ದ. ಅಕ್ಕೋರು ಇಳಿದು ನಡೆದುದನ್ನು ಅವನು ನೋಡಿಯೇ ಇರಲಿಲ್ಲ.

ಒಂದು ಸಂಜೆ ಶಾಲೆಯ ಮುಂದೆ ಗಾಡಿ ಚಾಲೂ ಆಗಲಿಲ್ಲ. ಬ್ಯಾಟರಿ ಸತ್ತಿತ್ತು, ಅಷ್ಟೇ. ಬೇರೊಂದು ಬ್ಯಾಟರಿಯ ತಂತಿ ಹಚ್ಚಿದ್ದರೆ ಸಾಕಿತ್ತು. ಆದರೆ ಗಾಡಿ ನಿಂತರೆ ತಳ್ಳುವುದು, ತಳ್ಳಿದರೂ ಆಗದಿದ್ದರೆ ಹಗ್ಗ ಕಟ್ಟಿ ಎಳೆಯುವುದು ಈ ಕಡೆಯವರಿಗೆ ರೂಢಿ. ಹತ್ತು ಜನ ತಳ್ಳಿ ಸೋತರು. ಆಮೇಲೆ ಶಾಲಾ ಸಮಿತಿಯ ಅಧ್ಯಕ್ಷ ಫಕ್ಕೀರಪ್ಪ ತನ್ನ ಟ್ರ್ಯಾಕ್ಟರ್ ತಂದ.

"ಚಿಂತಿ ಮಾಡಬ್ಯಾಡ್ರಿ ಅಕ್ಕೋರ. ನಮ್ಮ ಹುಡುಗೂರಿಗೆ ಅಕ್ಷರಾ ಕಲಿಸೀರಿ, ನಿಮ್ಮನ್ನ ಧಾರವಾಡಕ್ಕ ಮುಟ್ಟಸಾಕ ಆಗೂದಿಲ್ಲೇನು ನಮಗ?"

ನನ್ನಂಥವನನ್ನು ಹಾಗೆ ಎಳೆಯಬಾರದು. ಎಂಜಿನ್ ತಿರುಗಿದರೆ ಮಾತ್ರ ನನ್ನೊಳಗೆ ಎಣ್ಣೆ ಹರಿಯುತ್ತದೆ. ಎಂಜಿನ್ ಸುಮ್ಮನಿದ್ದು ಚಕ್ರ ಮಾತ್ರ ಉರುಳಿದರೆ, ಒಣಹಲ್ಲು ಒಣಹಲ್ಲನ್ನು ತಿನ್ನುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದನ್ನು ಬರೆದಿದ್ದರು. ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಿಂದ ಯಾರೂ ಹೊರತೆಗೆದಿರಲಿಲ್ಲ. ಇಪ್ಪತ್ತು ಕಿಲೋಮೀಟರು ಎಳೆದರು. ದಾರಿಯಲ್ಲಿ ನವಿಲೂರ ಹತ್ತಿರ ಬರುವಾಗ ಅಕ್ಕೋರಿಗೆ ಸುಟ್ಟ ವಾಸನೆ ಬಂತು. ಟ್ರ್ಯಾಕ್ಟರಿನದಿರಬೇಕು ಅಂದುಕೊಂಡರು. ಅದು ನಾನು.

ಹೊಸ ಬ್ಯಾಟರಿ ಹಾಕಿದರೂ ಗಾಡಿ ಅಲುಗಲಿಲ್ಲ. ದಾವಲಸಾಬ ನನ್ನ ಎಣ್ಣೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ, ಅಕ್ಕೋರ ಗಂಡ ಬಸವಂತರಿಗೆ ಫೋನ್ ಮಾಡಿದ. ಇದನ್ನು ಬಿಚ್ಚಿ ಕಟ್ಟುವ ಕೈ ಈ ಊರಲ್ಲಿ ಇಲ್ಲ; ದೂರದಿಂದ ಸಾಮಾನು ಬರಲು ಮೂರು ತಿಂಗಳಾದೀತು, ಬಂದರೂ ಖಾತ್ರಿಯಿಲ್ಲ. ಆದರೆ ಇದೇ ಮಾದರಿಯ, ಕೈಯಿಂದ ಗೇರು ಬದಲಿಸುವ ಮ್ಯಾನುವಲ್ ಗಾಡಿಯೊಂದು ಅಪಘಾತವಾಗಿ ಗುಜರಿಯಲ್ಲಿದೆ, ಅದರ ಗೇರ್‌ಬಾಕ್ಸ್, ಪೆಡಲು ಎಲ್ಲ ಇದಕ್ಕೆ ಕೂಡುತ್ತವೆ, ಎಂದ. ಅಕ್ಕೋರು ಆಗ ತರಬೇತಿಗೆಂದು ಬೆಳಗಾವಿಯಲ್ಲಿದ್ದರು. ಅವರು ಬರುವುದರೊಳಗೆ ಗಾಡಿ ತಯಾರಿರಲಿ ಎಂದು ಬಸವಂತರು ಒಪ್ಪಿದರು. ಕೆಟ್ಟ ಮನುಷ್ಯರಲ್ಲ ಅವರು. ಹೆಂಡತಿಯನ್ನು ಸಂತೋಷಪಡಿಸಬೇಕೆಂದೇ ಮಾಡಿದ್ದು.

ನನ್ನನ್ನು ಕೆಳಗಿಳಿಸಿ ಬೆಂಚಿನಡಿಗೆ ತಳ್ಳಿದರು. ಅಲ್ಲಿಂದ ಎಲ್ಲವೂ ಕೇಳುತ್ತಿತ್ತು. ಗುಜರಿಯಿಂದ ಬಂದ ಬೇರೆಯವನು ನನ್ನ ಜಾಗಕ್ಕೆ ಏರಿದ. ಎರಡು ಪೆಡಲಿನ ಚೌಕಟ್ಟು ಕಿತ್ತು ಮೂರು ಪೆಡಲಿನದು ಕೂರಿಸಿದರು. ಎಲ್ಲ ಮುಗಿದರೂ ಗಾಡಿ ಚಾಲೂ ಆಗಲಿಲ್ಲ, ಏಕೆಂದರೆ ಒಳಗಿನ ಕಂಪ್ಯೂಟರು ಇನ್ನೂ ನನ್ನನ್ನೇ ಕೇಳುತ್ತಿತ್ತು. ದಾವಲಸಾಬ ಎರಡು ತಂತಿ ಕತ್ತರಿಸಿ ಒಂದಕ್ಕೊಂದು ಹೊಸೆದ. ಅಲ್ಲಿಗೆ ನನ್ನ ಹೆಸರು ಅಳಿಸಿಹೋಯಿತು.

ಅಕ್ಕೋರು ಬಂದ ದಿನ ದಾವಲಸಾಬ ಕಾರು ತೊಳೆಸಿ ನಿಲ್ಲಿಸಿದ್ದ. ಬಸವಂತರೂ ಬಂದು ಕಾಯುತ್ತಿದ್ದರು. ಆಟೋದಿಂದಿಳಿದು, ಮೊಣಕಾಲಿಗೆ ಕೈ ಊರಿ, ಅವರು ಅಂಗಳ ದಾಟುವ ಹೆಜ್ಜೆ ನನಗೆ ಕೇಳಿಸಿತು. ದಾವಲಸಾಬನ ಕೈಯಲ್ಲಿದ್ದ, ಬೋಲ್ಟು ಬಿಗಿಯುವ ಪಾನಾ ಕೆಳಗೆ ಬಿತ್ತು. ಅಕ್ಕೋರು ಬಾಗಿಲು ತೆಗೆದು ಸೀಟಿನಲ್ಲಿ ಕೂತರು. ಎಡಗೈಯಿಂದ ಮೊಣಕಾಲು ಒತ್ತಿ ಕ್ಲಚ್ ಇಳಿಸಿ ನೋಡಿದರು. ಇಳಿಯಿತು. ಆದರೆ ಗೇರು ಹಾಕಬೇಕಾದ್ದೂ ಅದೇ ಎಡಗೈ. ಕೈ ತೆಗೆದರೆ ಕಾಲು ಜಾರಿತು.

"ಇದನ್ನ ಯಾರ ಕಾಲಿಗಂತ ಮಾಡಿಸೀರಿ?" ಎಂದು ಗಂಡನನ್ನು ಕೇಳಿದರು.

ಬಸವಂತರಿಗೆ ಆ ಎಡಗಾಲು ಆಗ ನೆನಪಾಯಿತು. ಹೌದು, ಆಗ. ತಡವರಿಸುತ್ತ, "ನಾ ಇದ್ದೇನಲ್ಲ. ದಿನಾ ಬಿಟ್ಟು ಬರ್ತೇನಿ" ಎಂದರು.

"ಬಿಟ್ಟು ಬರ್ತೀರಿ, ಖರೆ. ನಿಮಗ ಕೆಲಸ ಬಂದ ದಿನ ನಾ ಎಲ್ಲಿ ಕಾಯ್ಕೋತ ಕೂಡ್ಲಿ? ಮತ್ತ ಆ ಬಸ್ಸಿನ ಮೆಟ್ಟಲದಾಗ?"

ಜೊತೆಗೆ ಬಾಳುವ ಮನುಷ್ಯ ಅದನ್ನು ಹೇಗೆ ಮರೆತ ಎಂದು ನೀವು ಕೇಳಬಹುದು. ಬೆಂಚಿನಡಿ ಬಿದ್ದುಕೊಂಡು ನಾನೂ ಅದನ್ನೇ ಯೋಚಿಸಿದೆ. ಮರೆಸಿದವನು ನಾನೇ. ಆರು ವರ್ಷ ಸದ್ದಿಲ್ಲದೆ ಆ ಕಾಲಿನ ಕೆಲಸ ಮಾಡಿದ್ದೆ. ಹಾಗಾಗಿ ಗಾಡಿಯ ಮಾತು ಬಂದಾಗ ಆ ಕಾಲಿದೆ ಎಂಬುದೇ ಯಾರ ಮನಸ್ಸಿನಲ್ಲೂ ಉಳಿದಿರಲಿಲ್ಲ.

ಅವತ್ತು ಅಕ್ಕೋರು ಗಂಡನ ಪಕ್ಕದ ಸೀಟಿನಲ್ಲಿ ಕೂತು ಮನೆಗೆ ಹೋಗಲಿಲ್ಲ. ಗಾಡಿ ಇಲ್ಲೇ ಇರಲಿ ಎಂದು ಮತ್ತೆ ಆಟೋ ಹತ್ತಿದರು. ಮರುದಿನದಿಂದ ಬಸ್ಸು. ಮೂರನೆಯ ದಿನ ದಾವಲಸಾಬ ಅಕ್ಕೋರಿಗೆ ಫೋನ್ ಮಾಡಿ, ಶಾಲೆ ಬಿಟ್ಟ ಮೇಲೆ ಒಮ್ಮೆ ಬಂದು ಅಂಗೈ ಅಳತೆ ಕೊಡಬೇಕು ಎಂದ. ದರ್ಜಿ ಕೇಳಿದ ಹಾಗೆ.

ಅವನ ಯೋಚನೆ ಇಷ್ಟು: ಗೇರಿನ ಕೋಲಿಗೇ ಬೈಕಿನ ಕ್ಲಚ್ ಹಿಡಿಕೆ ಕಟ್ಟುವುದು. ಹಿಡಿಕೆ ಹಿಚುಕಿದರೆ ಪೆಡಲು ತಾನಾಗಿ ಇಳಿಯಬೇಕು, ಅದೇ ಕೈ ಗೇರನ್ನೂ ಹಾಕಬೇಕು. ಮೊದಲ ಸಲ ತಂತಿ ತುಂಡಾಯಿತು. ಎರಡನೆಯ ಸಲ ತಂತಿ ನಿಂತಿತು, ಆದರೆ ಹಿಡಿಕೆ ಎಷ್ಟು ಬಿಗಿ ಎಂದರೆ ಅಕ್ಕೋರ ಮಣಿಕಟ್ಟು ಬಾತುಕೊಂಡಿತು. ನಿಜ ಹೇಳಬೇಕೆಂದರೆ, ಅದು ಸೋತಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ಇದು ಆಗದು, ನನ್ನನ್ನೇ ಬಿಚ್ಚಿ ಸರಿಮಾಡುತ್ತಾರೆ, ಮತ್ತೆ ಮೇಲೇರುತ್ತೇನೆ ಎಂದು ಕತ್ತಲಲ್ಲಿ ಲೆಕ್ಕ ಹಾಕುತ್ತಿದ್ದೆ. ಅಕ್ಕೋರು ಬಸ್ಸಿನಲ್ಲಿ ನಿಂತು ಬರುತ್ತಿದ್ದುದು ಗೊತ್ತಿದ್ದೂ.

ಮೂರನೆಯ ಸಲ ದಾವಲಸಾಬ ಹಳೆ ವ್ಯಾನಿನ ಬ್ರೇಕ್ ಬೂಸ್ಟರ್ ತಂದು ಜೋಡಿಸಿದ. ಒತ್ತುವ ಭಾರವನ್ನು ಅದೇ ಹೊತ್ತುಕೊಂಡಿತು. ಕೈ ಸುಮ್ಮನೆ ಹೇಳಿದರೆ ಸಾಕು. ಅಕ್ಕೋರು ಹಿಡಿಕೆ ಹಿಚುಕಿದರು, ಗೇರು ಹಾಕಿದರು, ಮೆಲ್ಲಗೆ ಬಿಟ್ಟರು. ಗಾಡಿ ಎರಡು ಸಲ ಜಗ್ಗಿ ನಿಂತಿತು. ಮೂರನೆಯದಕ್ಕೆ ಹೊರಟಿತು. ಬಸವಂತರು ಪಕ್ಕದ ಸೀಟಿಗೆ ಹತ್ತಲು ಹೋದಾಗ, ಅಕ್ಕೋರು ಒಂದು ಸುತ್ತು ಒಬ್ಬಳೇ ಹೋಗಿ ಬರುತ್ತೇನೆ ಎಂದರಂತೆ.

ಅದಾಗಿ ಎರಡು ವರ್ಷ. ಗಿರಾಕಿಗಳು ಕೂರಲೆಂದು ನನ್ನನ್ನು ಬೆಂಚಿನಡಿಯಿಂದ ಹೊರಗೆಳೆದು, ಮೇಲೊಂದು ಹಲಗೆ ಇಟ್ಟು ಗೋಣಿಚೀಲ ಹಾಸಿದ್ದಾರೆ. ಒಂದು ಲೋಟದಷ್ಟು ಸುಟ್ಟ ಎಣ್ಣೆ ಇನ್ನೂ ನನ್ನ ಹೊಟ್ಟೆಯಲ್ಲಿದೆ. ಹೋದ ವಾರ ಅಕ್ಕೋರು ಆಯಿಲ್ ಬದಲಿಸಲು ಬಂದು, ಕೆಲಸ ಮುಗಿಯುವವರೆಗೆ ನನ್ನ ಮೇಲೆಯೇ ಕೂತರು. ಅದು ಅವರ ಹಳೆಯ ಗೇರ್‌ಬಾಕ್ಸ್ ಎಂದು ದಾವಲಸಾಬ ಹೇಳಿದ. ಅವರು ಎದ್ದು ಗೋಣಿಚೀಲ ಸರಿಸಿ ನೋಡಿದರು.

"ಇಷ್ಟ ಸಣ್ಣದಿತ್ತೇನು? ನಾ ಭಾಳ ದೊಡ್ಡದಿರಬೇಕಂತ ತಿಳಿದಿದ್ದೆ."

ಚೀಲವನ್ನು ಮತ್ತೆ ಹಾಗೆಯೇ ಹೊದಿಸಿ ಹೊರಟರು. ಅಂಗಳದಲ್ಲಿದ್ದವರೆಲ್ಲ ಆ ಕೈ ಗೇರು ಹಾಕುವುದನ್ನು ನಿಂತು ನೋಡಿದರಂತೆ. ಇನ್ನು ಯಾರೂ ಆ ಕಾಲನ್ನು ಮರೆಯುವ ಹಾಗಿಲ್ಲ. ರಸ್ತೆಯ ಏರಿನಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗಾಡಿ ಏರುವುದು ಕೇಳಿಸಿತು. ಮೂರಕ್ಕೆ ಹೋಗುವಾಗ ಕೊಂಚ ಜಗ್ಗಿತು. ನಾನಿದ್ದಿದ್ದರೆ ಜಗ್ಗುತ್ತಿರಲಿಲ್ಲ. ಅಕ್ಕೋರು ನಿಲ್ಲಿಸಲಿಲ್ಲ.