ತಂತಿ ಸಡಿಲ

ಆಕೆ ಕೇಳಿದರೆ ತಾನು ಏನು ಹೇಳುವುದು? ಕೇಳಲಾರರು. ಗಂಡ ಒಳಗೆ ಹೆಣವಾಗಿ ಮಲಗಿರುವಾಗ ಇಪ್ಪತ್ತಾರು ವರ್ಷ ಹಿಂದಿನ ಆರು ರಾತ್ರಿಗಳ ಮಾತು ಯಾರಿಗೆ ನೆನಪಾಗುತ್ತದೆ? ಆದರೂ ಕೇಳಿಬಿಟ್ಟರೆ?

"ರೀ ಪೆನ್ಸಿಲ್, ನಿಮ್ ಕಡೆ ಸ್ವಲ್ಪ ಎತ್ರೀ. ಬಾಗಿಲಿಗೆ ತಾಗ್ತಿದೆ," ಎಂದ ಸತ್ತವರ ತಮ್ಮ.

ಇಬ್ಬರೂ ಸೋಫಾವನ್ನು ಮುಂದಿನ ಕೋಣೆಯಿಂದ ಹೊರಗೆ ಸಾಗಿಸುತ್ತಿದ್ದರು. ಹತ್ತು ಗಂಟೆಗೆ ಶವ ಒಯ್ಯುವ ವ್ಯಾನ್ ಬರುವುದಿತ್ತು. ಅಷ್ಟರೊಳಗೆ ಜನ ನಿಲ್ಲುವುದಕ್ಕೆ ಜಾಗವಾಗಬೇಕಿತ್ತು.

ಪೆನ್ಸಿಲ್ ಎಂಬ ಹೆಸರು ಅವನಿಗೆ ಪ್ರಯೋಗಾಲಯದಲ್ಲಿ ಅಂಟಿಕೊಂಡದ್ದು. ಮಲಗಿದವರ ಮಿದುಳಿನ ಅಲೆಗಳನ್ನು ಯಂತ್ರ ಕಾಗದದ ಮೇಲೆ ಗೀಚುತ್ತಿತ್ತು. ಬೆಳಿಗ್ಗೆ ಅವನು ಕೂತು, ಅರ್ಧ ನಿಮಿಷಕ್ಕೊಂದು ಪುಟದಂತೆ ತಿರುವುತ್ತ, ಮೂಲೆಯಲ್ಲಿ ಪೆನ್ಸಿಲಿನಿಂದ ನಿದ್ದೆ ಅಥವಾ ಎಚ್ಚರ ಎಂದು ಗುರುತು ಹಾಕುತ್ತಿದ್ದ. ಆ ಗುರುತುಗಳನ್ನು ನಂಬಿ, ಈಗ ಒಳಗೆ ಮಲಗಿರುವ ವಿಜ್ಞಾನಿ ಪುಸ್ತಕ ಬರೆದರು. ಒತ್ತಡ ನಿದ್ದೆಯನ್ನು ಹೇಗೆ ತಿನ್ನುತ್ತದೆ ಎಂದು ಊರೂರು ತಿರುಗಿ ಭಾಷಣ ಮಾಡಿದರು.

"ಅಣ್ಣನ ಭಾಷಣ ಕೇಳಿದ್ದೀರಲ್ಲ?" ಸೋಫಾ ಇಳಿಸಿ ತಮ್ಮ ಅದರ ಮೇಲೇ ಕುಸಿದ. "ನಿದ್ದೆ ಬಗ್ಗೆ ಬಾಯಿ ತೆಗೆದ್ರೆ ಹತ್ತೇ ನಿಮಿಷ, ಮುಂದಿನ ಸಾಲೆಲ್ಲ ಗೊರಕೆ. ಅದಕ್ಕಿಂತ ದೊಡ್ಡ ಸಂಶೋಧನೆ ಬೇಕೇನ್ರೀ?"

ನಕ್ಕ. ನಗು ಮುಗಿಯುವ ಮೊದಲೇ ಮುಖ ಮುಚ್ಚಿಕೊಂಡು ಅಳತೊಡಗಿದ.

*

ಇಪ್ಪತ್ತಾರು ವರ್ಷದ ಹಿಂದೆ, ಹೋಲಿಸಿ ನೋಡಲು ಒತ್ತಡವಿಲ್ಲದ ಆರೋಗ್ಯವಂತರು ಹನ್ನೆರಡು ಜನ ಬೇಕಿತ್ತು. ಹನ್ನೊಂದು ಜನ ಸಿಕ್ಕಿದ್ದರು.

"ಹನ್ನೆರಡನೆಯವಳು ಮನೇಲೇ ಇದ್ದಾಳಲ್ಲ," ಎಂದು ವಿಜ್ಞಾನಿ ಹೆಂಡತಿಯನ್ನು ಕರೆತಂದರು. ಆಕೆ ಪ್ರಯೋಗಾಲಯದ ಮಂಚದ ಮೇಲೆ ಆರು ರಾತ್ರಿ ಮಲಗಿದರು.

ಏಳನೆಯ ಬೆಳಿಗ್ಗೆ ಪೆನ್ಸಿಲ್ ಕಾಗದದ ಕಟ್ಟು ಹೊತ್ತು ವಿಜ್ಞಾನಿಯ ಮೇಜಿನ ಮುಂದೆ ನಿಂತ.

"ಸರ್, ಅಮ್ಮ ನಿದ್ದೆನೇ ಮಾಡಿಲ್ಲ."

"ಹೊಸ ಜಾಗ ಅಲ್ವೇನ್ರೀ."

"ಅದು ಮೊದಲ ರಾತ್ರಿಗಾಯ್ತು ಸರ್. ಆರನೇದೂ ಹೀಗೇ ಇದೆ."

ಅವರು ಕನ್ನಡಕ ತೆಗೆದರು. "ಅವಳಿಗೇನ್ರೀ ಒತ್ತಡ? ಆರಾಮಾಗಿ ಮನೇಲಿರ್ತಾಳೆ. ತಲೆಗೆ ಅಂಟಿಸಿದ ತಂತಿ ಸಡಿಲ ಆಗಿರತ್ತೆ."

"ತಂತಿ ಸಡಿಲ ಆದ್ರೆ ಕಣ್ಣು ಮಿಟುಕಿಸಿದ್ದು ಹೇಗೆ ಬರತ್ತೆ ಸರ್? ಇಲ್ನೋಡಿ, ಸಾಲಾಗಿ."

ಅವರು ಮತ್ತೆ ಕನ್ನಡಕ ಹಾಕಿಕೊಂಡರು. ಒಂದೊಂದು ಮಿಟುಕಿನ ಮೇಲೂ ಬೆರಳಿಟ್ಟು ನೋಡಿದರು. ಮುಂದಿದ್ದ ಚಹಾ ಕೆನೆಗಟ್ಟಿತು.

"ತಂತಿ ಸಡಿಲ ಅಂತ ಬರೀರಿ," ಎಂದರು ಕೊನೆಗೆ, ತಲೆಯೆತ್ತದೆ. "ಬೇರೆ ಯಾರನ್ನಾದ್ರೂ ಹುಡುಕೋಣ."

ಅವನು ಬರೆದ.

*

"ಪೆನ್ಸಿಲ್, ಇಲ್ಬನ್ನಿ."

ಆಕೆ ಶವದ ಪಕ್ಕದ ಕುರ್ಚಿಯಲ್ಲಿದ್ದರು. ಹತ್ತಿರ ಯಾರೂ ಇರಲಿಲ್ಲ.

"ಆ ಹಾಳೆಗಳನ್ನ ಓದಿದ್ದು ನೀವೇ ಅಲ್ವಾ? ನಾನು ಅಲ್ಲಿ ಮಲಗಿದ್ದು?"

"ಹೌದಮ್ಮ."

"ಇವ್ರು ಅವತ್ತು ಮನೆಗೆ ಬಂದು, ಗಡದ್ದಾಗಿ ನಿದ್ದೆ ಹೊಡ್ದಿದೀಯ, ನಿದ್ದೆ ಬರಲ್ಲ ಅನ್ನೋದೆಲ್ಲ ನಿನ್ನ ಭ್ರಮೆ ಅಂದ್ರು. ಯಂತ್ರನೇ ಹೇಳಿದೆ ಅಂದ್ರು."

ಪೆನ್ಸಿಲ್‌ಗೆ ಇದು ಗೊತ್ತಿರಲಿಲ್ಲ.

"ಡಾಕ್ಟರ ಹತ್ರ ಹೋದೆ. ಮನೇಲಿ ಅಂಥ ತಜ್ಞರನ್ನ ಇಟ್ಕೊಂಡು ನನ್ನ ಕೇಳ್ತೀರಲ್ಲಮ್ಮ ಅಂತ ನಕ್ರು. ಆಮೇಲೆ ಯಾರಿಗೂ ಹೇಳಕ್ಕೆ ಹೋಗಿಲ್ಲ. ಈಗಲೂ ಸೂರು ನೋಡ್ತಾ ಬಿದ್ಕೊಂಡಿರ್ತೀನಿ. ಇದೇ ನಿದ್ದೆ ಇರ್ಬೇಕು, ನನಗೆ ಗೊತ್ತಾಗ್ತಿಲ್ಲ ಅಂದ್ಕೋತೀನಿ." ಆಕೆ ಅವನ ತೋಳು ಹಿಡಿದರು. "ನನ್ನ ತಲೆ ಸರಿ ಇದ್ಯೋ ಇಲ್ವೋ, ಅಷ್ಟು ತಿಳಿದ್ರೆ ಸಾಕು. ಇವ್ರಂತೂ ಇನ್ನು ಬೇಜಾರು ಮಾಡ್ಕೊಳ್ಳಲ್ಲ. ಹೇಳಿ, ನಾನು ನಿದ್ದೆ ಮಾಡಿದ್ನಾ?"

"ಅತ್ತಿಗೆ, ವ್ಯಾನ್ ಬಂತು," ಎಂದ ತಮ್ಮ ಬಾಗಿಲಲ್ಲಿ. ಅವನ ಹಿಂದೆ ಹೊರುವವರು ಚಪ್ಪಲಿ ಬಿಡುತ್ತಿದ್ದರು. ಆಕೆ ಆ ಕಡೆ ತಿರುಗಲಿಲ್ಲ.

"ಮಾಡಿದ್ರಿ ಅಮ್ಮ," ಎಂದ ಪೆನ್ಸಿಲ್.

ಆಕೆಯ ಕೈ ಸಡಿಲವಾಯಿತು. "ಹಾಗಾದ್ರೆ ನಂದೇ ತಪ್ಪು," ಎಂದು ಎದ್ದು, ಹೊರುವವರಿಗೆ ದಾರಿ ಬಿಟ್ಟರು.

ಆಕೆ ಇನ್ನೂ ಒಂಬತ್ತು ವರ್ಷ ಬದುಕಿದರು. ಅವನು ಆಗಾಗ ಹೋಗಿ ಮಾತಾಡಿಸಿ ಬರುತ್ತಿದ್ದ. ಆರು ರಾತ್ರಿಯೂ ನೀವು ಎಚ್ಚರವಾಗಿಯೇ ಇದ್ದಿರಿ, ಅದು ಸರ್‌ಗೂ ಗೊತ್ತಿತ್ತು ಎಂದು ಮಾತ್ರ ಅವನು ಯಾವತ್ತೂ ಹೇಳಲಿಲ್ಲ.