ಅಕ್ಕನದೇ ಹೆಚ್ಚು

"ರಿಪೋರ್ಟಲ್ಲಿ ನಮ್ಮ ಹೆಸರು ಅದಲುಬದಲಾಗಿರಬೇಕು ಡಾಕ್ಟರೇ," ಅಂದಳು ಅಕ್ಕ. "ಇವಳಿಗೆ ಮೂವತ್ತೊಂದು, ನನಗೆ ಮೂವತ್ತೊಂಬತ್ತು. ಇವಳಿಗಿಂತ ನನ್ನದು ಹೆಚ್ಚಿರೋಕೆ ಹೇಗೆ ಸಾಧ್ಯ?"

ಅದಲುಬದಲಾಗಿರಲಿಲ್ಲ. ಡಾಕ್ಟರಮ್ಮ ಅನುಮಾನ ಬಂದು ಎರಡನೇ ಸಲವೂ ರಕ್ತ ಪರೀಕ್ಷೆ ಮಾಡಿಸಿದ್ದರು. ಒಡಲಲ್ಲಿ ಅಂಡ ಎಷ್ಟು ಉಳಿದಿದೆ ಎಂದು ಸುಳಿವು ಕೊಡುವ ಹಾರ್ಮೋನು ತಂಗಿಯಲ್ಲಿ ತೀರಾ ಕಡಿಮೆಯಿತ್ತು.

ಮಕ್ಕಳಾಗಲೆಂದು ಅಕ್ಕ ಬೇರೊಂದು ಆಸ್ಪತ್ರೆಯಲ್ಲಿ ಮಾಡಿಸಿಕೊಂಡ ಮೊದಲ ಚಿಕಿತ್ಸೆ ಕೈಕೊಟ್ಟ ಮೇಲೆ, "ನನ್ನ ಅಂಡ ತಗೋ, ನನಗೇನು ಸದ್ಯಕ್ಕೆ ಬೇಕಾಗಿಲ್ಲ" ಎಂದು ಮುಂದೆ ಬಂದವಳೇ ತಂಗಿ. ದಿನವಿಡೀ ಮಕ್ಕಳಿಗೆ ಈಜು ಕಲಿಸುವ ಗಟ್ಟಿ ಮೈ ಅವಳದು. ನೆಗಡಿ ಕೂಡ ಹತ್ತಿರ ಸುಳಿಯುತ್ತಿರಲಿಲ್ಲ. ಕೊಡುವವಳು ನಾನು ಎಂಬ ಸಣ್ಣ ಜಂಬವೂ ಒಳಗೊಳಗೇ ಇತ್ತು. ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ತುರುಕಿಕೊಂಡು ಕೂತಳು.

"ಹಾಗಾದ್ರೆ ನನಗೆ ಮಕ್ಕಳೇ ಆಗಲ್ವಾ?"

"ಹಾಗಂತ ಈ ಪರೀಕ್ಷೆ ಹೇಳಲ್ಲಮ್ಮ," ಅಂದರು ಡಾಕ್ಟರಮ್ಮ. "ಇಂಜೆಕ್ಷನ್ ಕೊಟ್ರೆ ಅಂಡ ಎಷ್ಟು ಸಿಗಬಹುದು ಅನ್ನೋ ಅಂದಾಜು ಇದು, ಅಷ್ಟೇ. ಅವು ಹೇಗಿರುತ್ತವೆ ಅನ್ನೋದಕ್ಕೆ ವಯಸ್ಸು ಮುಖ್ಯ, ಅದು ನಿಮ್ಮ ಕಡೆ ಇದೆ. ತಡ ಮಾಡಬೇಡಿ. ಮದುವೆ ಯಾವಾಗಾದ್ರೂ ಆಗಲಿ, ಸಿಕ್ಕಷ್ಟನ್ನ ಈಗಲೇ ತೆಗೆದು ಫ್ರೀಜ್ ಮಾಡಿ ಕಾಪಿಡಬಹುದು." ಆಮೇಲೆ ಅಕ್ಕನ ಕಡೆ ತಿರುಗಿದರು. "ನಿಮ್ಮದೂ ಅಷ್ಟೇನು ಕೆಟ್ಟಿಲ್ಲ. ಮೊದಲ ಸಲ ಔಷಧದ ಪ್ರಮಾಣ ಸಾಲದೇ ಹೋಗಿರಬಹುದು. ಗ್ಯಾರಂಟಿ ಕೊಡಲ್ಲ, ಆದ್ರೆ ನಿಮ್ಮ ಅಂಡದಿಂದಲೇ ಇನ್ನೊಂದು ಸಲ ನೋಡೋಣ."

ಮೆಟ್ಟಿಲಿಳಿಯುವಾಗ ತಂಗಿಯ ಕಣ್ಣು ತುಂಬಿ ಬಂತು. "ನಿನಗೆ ಆಸರೆ ಆಗೋಣ ಅಂತ ಬಂದು ನಾನೇ ನಿನಗೆ ಹೊರೆಯಾದೆ ಅಕ್ಕಾ."

"ಸುಮ್ನಿರೇ. ನನ್ನ ನೆಪದಲ್ಲಿ ಬರದಿದ್ರೆ ನಿನಗೆ ಗೊತ್ತಾಗ್ತಾನೇ ಇರಲಿಲ್ಲ. ಚಿಕ್ಕಂದಿನಿಂದ ನನ್ನ ಬಟ್ಟೆ, ನನ್ನ ಚಪ್ಪಲಿ ಎಲ್ಲಾದಕ್ಕೂ ಪಾಲು ಕೇಳ್ದೋಳು ನೀನು. ಇಂಜೆಕ್ಷನ್ನೊಂದು ಯಾಕೆ ಬಿಡ್ತೀಯ?"

ಅಳುತ್ತಿದ್ದವಳಿಗೆ ಕಿಸಕ್ಕನೆ ನಗು ಬಂತು.

ಮುಂದಿನ ತಿಂಗಳು ಅಡುಗೆಮನೆಯಲ್ಲಿ ಅಕ್ಕ ತಂಗಿಗೆ, ತಂಗಿ ಅಕ್ಕನಿಗೆ ಸೂಜಿ ಚುಚ್ಚಿದರು. ರಕ್ತದ ಹನಿ ಕಂಡರೆ ತಲೆ ತಿರುಗುವ ಭಾವ ಬಾಗಿಲಾಚೆ ನಿಂತು, "ಮುಗೀತಾ? ಬರಲಾ?" ಎಂದು ಕೇಳುತ್ತಲೇ ಇದ್ದ.

ತಂಗಿಗೆ ಸಿಕ್ಕಿದ್ದು ನಾಲ್ಕೇ ಅಂಡ. ನಾಲ್ಕನ್ನೂ ಕಾಪಿಟ್ಟರು. ಕಮ್ಮಿಯೆಂದು ಅವಳಿಗೂ ಗೊತ್ತು. ಆದರೂ ಆ ದಿನ ಹೊಟ್ಟೆ ತುಂಬ ಊಟ ಮಾಡಿ ಮಲಗಿದಳು. ಅಕ್ಕನ ಅಂಡದಿಂದ ಲ್ಯಾಬಿನಲ್ಲಿ ಎರಡು ಭ್ರೂಣಗಳಾದವು. ಗರ್ಭದಲ್ಲಿಟ್ಟ ಮೊದಲನೆಯದು ನಿಲ್ಲಲಿಲ್ಲ. ಆ ವಾರವೆಲ್ಲ ತಂಗಿ ದಿನಾ ಬಂದು ಅಕ್ಕನ ಪಕ್ಕದಲ್ಲಿ ಕೂತು ಹೋಗುತ್ತಿದ್ದಳು. ಎರಡನೆಯದು ನಿಂತಿತು.

ಈಗ ಅಕ್ಕನಿಗೆ ಐದು ತಿಂಗಳು. ತನ್ನ ಕನ್ನಡಕದ ಅಂಗಡಿಗೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಒಂದು ಮಧ್ಯಾಹ್ನ ತಂಗಿ ಹೋದಾಗ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು, ಏನೋ ಹೇಳಲು ಶುರುಮಾಡಿ, ಮಾತಿನ ನಡುವೆಯೇ ಅವಳ ಹೆಗಲಿಗೊರಗಿ ನಿದ್ದೆ ಹೋದಳು. ಅಷ್ಟರಲ್ಲಿ ಮುದುಕರೊಬ್ಬರು ಒಳಗೆ ಬಂದರು. ತಂಗಿ ಅಲುಗಾಡದೆ ತುಟಿಯ ಮೇಲೆ ಬೆರಳಿಟ್ಟಳು.

ಮುದುಕರು ತಲೆಯಾಡಿಸಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಕನ್ನಡಿಯ ಹತ್ತಿರ ಹೋದರು. ಸದ್ದಾಗದಂತೆ ಒಂದೊಂದೇ ಫ್ರೇಮು ತೆಗೆದು ಮೂಗಿನ ಮೇಲಿಟ್ಟುಕೊಂಡು, ಪ್ರತಿ ಸಲವೂ ತಂಗಿಯ ಕಡೆ ತಿರುಗಿ, ಇದು ಹೇಗಿದೆ ಎಂದು ಹುಬ್ಬಿನಲ್ಲೇ ಕೇಳತೊಡಗಿದರು.